ಔಷಧಂತ ನೆಕ್ಕಿದ ಉಪ್ಪಿನಕಾಯಿ

ಥೂ, ಇದೂ ಒಂದ ಬಾಳೇವಾ! ತಾಂಬಾ ಊರಿನ ರೇವಪ್ಪಗ ಮುಂಜಾನೆ ಎದ್ದಕೂಡ್ಲೇ ಬರೋ ಮಾತ ಇದು. ಇಂಡಿ ಬಜಾರದಾಗ ಲಿಂಬಿಹಣ್ಣಿನ ಹರಾಜಿನ ಸವಾಲ ಕೂಗಾವ ಅಂವ. ದನಿ ಎತ್ತಿದ್ರ ಸಂತಿಗೆ ಸಂತೀನ ಹೊಳ್ಳಿ ನೋಡಬೇಕು. ಹಂತಾವನ ಎರಡೂ ಕಿಡ್ನಿ ಹೋದ್ವು. ಹೆಂಡತಿ ಚನ್ನವ್ವ ತನ್ನದೊಂದು ಕಿಡ್ನಿ ಕೊಟ್ಟು ಉಳಿಸ್ಕೊಂಡ್ಲು. ಆದ್ರ ಆಮ್ಯಾಲ ಏರಿದ ಬಿ.ಪಿ. ಇಳೀಲೇ ಇಲ್ಲ. ಹಿಂಗ ಇದ್ರ ಈ ಕಿಡ್ನೀನೂ ಕೈಕೊಡತೈತಿ ಅಂತ ವಿಜಯಪುರದ ಡಾಕ್ಟರ್ ಹೆದರಿಸಿದ್ರು.

ಊರ ಮಂದಿಗೆ ಕಾರಣ ಆಗಲೇ ಗೊತ್ತಿತ್ತು: ಸಿಟ್ಟು! ಮಾತಾಡ್ಸಾಕ ಬಂದವರೆಲ್ಲಾ ಚಾ ಸುರಕೊಂತ, 'ನಿನ್ನ ಸಿಟ್ಟು ಮೂಗಿನ ತುದಿ ಮ್ಯಾಲೈತಿ, ಅದಕ್ಕ ಏರತೈತಿ' ಅಂತ ಬುದ್ಧಿ ಹೇಳವ್ರೇ. ಬಜಾರಕ್ಕ ಹೋಗಂಗಿಲ್ಲ, ಜೋರ ಮಾತಾಡಂಗಿಲ್ಲ. ಕೂಸಿನ ಮುಂದ ನಕ್ಕಂಗ ಎಲ್ಲಾರೂ ನಗೋದು. ಆ ನಗಿ ನೋಡಿದ್ರ ರೇವಪ್ಪಗ ಓಕರಿಕಿ ಬರತಿತ್ತು. ಅದರಾಗ ಉಪ್ಪಿಲ್ಲದ ಪಲ್ಲೆ, ಸಪ್ಪನ ಬ್ಯಾಳಿ! ಬಾಯಿ ರುಚಿಗೆ ಉಳದಿದ್ದು ಒಂದೇ, ಸತ್ತುಹೋದ ಅವ್ವ ಹಾಕಿಟ್ಟಿದ್ದ ಹಳೇ ಲಿಂಬಿ ಉಪ್ಪಿನಕಾಯಿ. ವರ್ಷಗಟ್ಟಲೆ ಕಳತು ಕರ್ರಗಾಗಿತ್ತು. ಈ ಕಡೆ ಜಡ್ಡಾದವ್ರಿಗೆ ಅದನ್ನ ನೆಕ್ಕಸೋದು ಮೊದಲಿನಿಂದ ಬಂದದ್ದು. 'ಅದು ಉಪ್ಪಲ್ಲ ಯವ್ವಾ, ಔಷಧ' ಅಂತ ಬಾಜೂ ಮನಿ ಸಂಗಣ್ಣ ಕಾಕಾ ಬ್ಯಾರೆ ಹೇಳಿದ್ದ. ಚನ್ನವ್ವ ದಿನಾ ಊಟಕ್ಕ ಒಂದ ಹೋಳ ಇಡತಿದ್ಲು.

ಮುಂದ ದವಾಖಾನಿಗೆ ಹೋದಾಗ ಡಾಕ್ಟರ್, 'ಉಪ್ಪು ತಿಂತೀರೇನ್ರಿ?' ಅಂದ್ರು.

'ಒಂದ ಹರಳೂ ಇಲ್ರಿ,' ಅಂದ್ಲು ಚನ್ನವ್ವ. 'ಬರೇ ಹಳೇ ಉಪ್ಪಿನಕಾಯ್ರಿ. ಅದು ಔಷಧಲ್ರಿ?'

ಡಾಕ್ಟರ್ ಹಣಿ ಬಡಕೊಂಡ್ರು. 'ಯವ್ವಾ, ಅದರಾಗ ಇರೋದ ಉಪ್ಪು! ಬ್ಯಾರೇದವ್ರ ಕಿಡ್ನಿ ಅಂತ ಮೈ ಅದರ ಮ್ಯಾಲ ತಿರುಗಿ ಬೀಳಬಾರದಂತ ಗುಳಿಗಿ ಕೊಟ್ಟೇವಿ. ಆ ಗುಳಿಗಿನೇ ನರಗಳನ್ನ ಕೆಣಕತೈತಿ. ನರ ರಕ್ತನಾಳಾನ ಬಿಗೀತಾವ, ಕಿಡ್ನಿ ಉಪ್ಪು ಹೊರಗ ಬಿಡಂಗಿಲ್ಲ. ಮ್ಯಾಲ ನೀವು ಉಪ್ಪಿನಕಾಯಿ ನೆಕ್ಕಿಸಿದ್ರ ಹೆಂಗ? ಗುಳಿಗಿ ಮಾತ್ರ ಬಿಡಬ್ಯಾಡ್ರಿ, ಬಿಟ್ರ ಕಿಡ್ನಿ ಹೋತು. ಬಿ.ಪಿ.ಗೆ ಬ್ಯಾರೆ ಕೊಡತೇನಿ.'

'ಹಂಗಾದ್ರ ನನ್ನ ಸಿಟ್ಟಿಂದಲ್ರಿ?' ರೇವಪ್ಪ ಕೇಳಿದ.

'ಸಿಟ್ಟಿಂದು ಗಳಿಗಿ ಹೊತ್ತಿಗೆ ಏರಿ ಇಳಿತೈತ್ರಿ. ಹಿಂಗ ಏರಿ ಕುಂತಿದ್ದು ಗುಳಿಗೀದು, ಉಪ್ಪಿಂದು.'

ಮನಿಗೆ ಬಂದ್ರ ಸಂಗಣ್ಣ ಕಾಕಾ ಕಟ್ಟಿ ಮ್ಯಾಲ ಭರಣಿ ಹಿಡಕೊಂಡ ಕುಂತಾನ! 'ನಿಮ್ಮದು ತೀರಾಕ ಬಂದೈತಂತ ನಮ್ಮನೀದು ತಂದೇನಿ. ಸಿಟ್ಟಾಗಬ್ಯಾಡಪಾ, ನೆಕ್ಕು.'

ರೇವಪ್ಪ ಸವಾಲದ ದನಿ ತಗದ. 'ಒಯ್ ಕಾಕಾ ಅದನ್ನ! ಔಷಧಂತ ವಿಷ ನೆಕ್ಕಿಸಿ, ತಪ್ಪೆಲ್ಲಾ ನನ್ನ ಸಿಟ್ಟಿನ ಮ್ಯಾಲ ಹಾಕಿದ್ರಿ? ಥೂ ನಿಮ್ಮ!' ಓಣಿಗೆ ಓಣೀನ ಹೊರಗ ಬಂತು. ಕಾಕಾ ಭರಣಿ ಬಗಲಾಗ ಇಟ್ಕೊಂಡು ಕಾಲ್ಕಿತ್ತ.

ಒಳಗ ಚನ್ನವ್ವ ಅಳಾಕತ್ತಿದ್ಲು. 'ನನ್ನ ಕೈಯಾರೆ ಕೊಟ್ಟೆನಲ್ರಿ.'

ರೇವಪ್ಪ ಅವ್ವನ ಭರಣಿ ಮುಚ್ಚಳ ತಗದ. ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ; ಆ ಭರಣ್ಯಾಗ ಎರಡೂ ಇದ್ವು. ವಾಸನಿಗೇ ಬಾಯಾಗ ನೀರ ಬಂತು. ಆ ನೀರಿಗೆ ಅವಗ ತನ್ನ ನಾಲಿಗಿ ಮ್ಯಾಲೇ ಹೇಸಿಗಿ ಬಂತು. ಹಿತ್ತಲದ ತಿಪ್ಪಿಗೆ ಒಯ್ದು ಸುರದು ಬಂದು ಊಟಕ್ಕ ಕುಂತ.

'ಭಾಳ ಸಪ್ಪಗೈತ್ರಿ,' ಅಂದ್ಲು ಚನ್ನವ್ವ.

'ಸಗಣಿ ತಿಂದಂಗೈತಿ,' ಅಂದ ಅಂವ, ಅಗಿಯೋದು ಬಿಡಲಿಲ್ಲ. 'ಆದ್ರ ಕಿಡ್ನಿ ನಿಂದು. ನನ್ನ ನಾಲಿಗಿ ಚಟಕ್ಕ ಅದನ್ನ ಕೊಲ್ಲಲೇನು? ಇನ್ನೊಂದ ರೊಟ್ಟಿ ಹಾಕು.'