ಶಾಂತರಾಜನ ಲಾರಿಗೆ ಮೆಟ್ಟಿಲು

ರಿಪ್ಪನ್‌ಪೇಟೆಯಲ್ಲಿ ಶಾಂತರಾಜನ ಲಾರಿಯನ್ನು ಎಲ್ಲರೂ ಎಮ್ಮೆ ಎಂದೇ ಕರೆಯುತ್ತಿದ್ದರು. ಕರೆಯದೆ ಏನು ಮಾಡುತ್ತಾರೆ? ಬಣ್ಣ ಕಪ್ಪು, ನಡಿಗೆ ನಿಧಾನ, ನೀರು ಕಂಡಲ್ಲಿ ನಿಲ್ಲಲೇಬೇಕು. ತೀರ್ಥಹಳ್ಳಿಯ ಕಂಟ್ರಾಕ್ಟರೊಬ್ಬ ವರ್ಷಗಟ್ಟಲೆ ಕಲ್ಲು ಹೊರಿಸಿ, ಇನ್ನು ಸಾಕು ಎಂದು ಕೈಬಿಟ್ಟ ಆ ಸಣ್ಣ ಲಾರಿಯನ್ನು ಇವನು ಮೂವತ್ತೇಳನೆಯ ಇಸವಿಯ ಸುಮಾರಿಗೆ ಮನೆಗೆ ತಂದ. ಅಪ್ಪನ ಜವಳಿ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕೂರಬೇಕಾಗಿದ್ದ ಆಸಾಮಿ! ಅಂಗಡಿಯಲ್ಲಿ ಕೂತರೆ ಬೀದಿ ಒಂದೇ ಕಾಣುತ್ತದೆ, ಲಾರಿಯಲ್ಲಿ ಕೂತರೆ ಬೀದಿ ಬದಲಾಗುತ್ತ ಹೋಗುತ್ತದಲ್ಲ ಎನ್ನುವುದು ಅವನ ವಾದ. ಅದಕ್ಕೆ ಯಾರು ಏನು ಹೇಳಲಾದೀತು?

ಜೈನರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಶಾಂತರಾಜ ಲಾರಿಯ ರೇಡಿಯೇಟರಿಗೂ ಸೋಸದ ನೀರು ಕುಡಿಸುತ್ತಿರಲಿಲ್ಲ. ದಾರಿಯಲ್ಲಿ ಹಳ್ಳ ಸಿಕ್ಕಲ್ಲಿ ನಿಲ್ಲಿಸಿ, ನೀರು ಸೋಸಿ, ಆ ಬಟ್ಟೆಯನ್ನು ಅದೇ ಹಳ್ಳದಲ್ಲಿ ಮೆಲ್ಲಗೆ ಜಾಲಿಸಿ, ಕಣ್ಣಿಗೆ ಕಾಣದ ಜೀವಗಳೆಲ್ಲ ತಮ್ಮ ತಮ್ಮ ಊರು ಸೇರಿಕೊಳ್ಳಲಿ ಎಂದು ನೋಡುತ್ತ ನಿಲ್ಲುತ್ತಿದ್ದ. ನೋಡುತ್ತ ನೋಡುತ್ತ ಎಲ್ಲಿಗೆ ಹೊರಟಿದ್ದೆ ಎನ್ನುವುದೇ ಮರೆತುಹೋಗುತ್ತಿತ್ತು. ಸಾಗರಕ್ಕೆ ಹೋಗಬೇಕಾಗಿದ್ದ ಅಕ್ಕಿಮೂಟೆ ಹೊಸನಗರದಲ್ಲಿ ಇಳಿದ ಕಥೆ ಸುಳ್ಳಲ್ಲ ಮಾರಾಯರೇ, ಇಳಿಸಿಕೊಂಡವರೇ ಹೇಳಿದ್ದು.

ಲಾರಿಯ ಹಿಂದಿನ ತೊಟ್ಟಿಯಲ್ಲಿ ಉದ್ದಕ್ಕೆ ಎರಡು ಬೆಂಚು ಹಾಕಿಸಿದ್ದ. ಎಡಗಡೆಯ ಹಲಗೆಯನ್ನು ಒಂದು ಬಾಗಿಲಿನಷ್ಟು ಅಗಲಕ್ಕೆ ಕತ್ತರಿಸಿ, ಜನ ಒಳಗೆ ಹೋಗಲು ದಾರಿ ಮಾಡಿದ್ದ. ಆದರೆ ಹತ್ತುವುದಕ್ಕೆ ಮೆಟ್ಟಿಲಿರಲಿಲ್ಲ. ಇದ್ದ ಮೆಟ್ಟಿಲು ಕಂಟ್ರಾಕ್ಟರನ ಕಾಲದಲ್ಲೇ ಘಟ್ಟದ ತಿರುವಿನಲ್ಲಿ ಬಂಡೆಗೆ ಬಡಿದು ಕಿತ್ತುಹೋಗಿತ್ತು. ಗಂಡಸರು ಚಕ್ರದ ಮೇಲೆ ಕಾಲಿಟ್ಟು ಹಾರಿ ಹತ್ತುತ್ತಿದ್ದರು. ಶಾಂತರಾಜನಿಗೆ ಅದೇನೂ ದೊಡ್ಡ ಕೊರತೆ ಎನ್ನಿಸಿರಲಿಲ್ಲ, ತಾಯಿ ಜಿನಮತಿ ಲಾರಿ ಹತ್ತಲು ಹೊರಟ ದಿನದವರೆಗೂ.

ಜಿನಮತಿಯಮ್ಮನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಎತ್ತಿನ ಗಾಡಿಯಲ್ಲಿ ಕಾಲು ಮಡಚಿ ಕೂರಲಾಗದೆ ಮನೆ ಬಿಟ್ಟು ಹೊರಗೆ ಹೋಗುವುದೇ ನಿಂತಿತ್ತು. ನಿಟ್ಟೂರಿನ ತವರುಮನೆ ಹಳತಾಯಿತೆಂದು ಅಣ್ಣನ ಮಗ ಪದ್ಮಣ್ಣ ಬಿಚ್ಚಿಸಿದಾಗಲೂ ಹೋಗಲಾಗಲಿಲ್ಲ. "ಕೊನೇಗೊಂದ್ಸಲ ಒಳಗೆ ಹೋಗಿ ಬರಬೇಕಿತ್ತು ಕಣೋ" ಎಂದು ಒಂದು ದಿನ ಅಂದವಳು ಮತ್ತೆ ಆ ಮಾತೆತ್ತಿರಲಿಲ್ಲ. ಈಗ ಅವಳಿಗೆ ಉಳಿದಿದ್ದ ಆಸೆ ಒಂದೇ: ಹುಂಚಕ್ಕೆ ಹೋಗಿ ಪದ್ಮಾವತಿ ಅಮ್ಮನವರನ್ನು ನೋಡುವುದು. ಲಾರಿಯ ಬೆಂಚಿನಲ್ಲಾದರೆ ಕಾಲು ಇಳಿಬಿಟ್ಟು ಕೂರಬಹುದಲ್ಲ! ಆದರೆ ಹತ್ತಿಸುವುದು ಹೇಗೆ? ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿದರು. ಕುರ್ಚಿ ವಾಲಿತು, ಸೆರಗು ಜಾರಿತು, ಸಂತೆಗೆ ಬಂದವರೆಲ್ಲ ನಿಂತು ನೋಡಿದರು. ಮುದುಕಿಯ ಕಣ್ಣಲ್ಲಿ ನೀರು ಬಂತು.

"ಇಳಿಸ್ರೋ ನನ್ನ! ನಾನೇನು ಬೆಲ್ಲದ ಮೂಟೆಯಾ?" ಎಂದಳು. ಇಳಿದ ಮೇಲೆ ಮಗನಿಗೆ ಹೇಳಿದಳು: "ನನ್ನ ಕಾಲಲ್ಲಿ ನಾನು ಹತ್ತೋ ಹಾಗಿದ್ರೆ ಬತ್ತೀನಿ. ಇಲ್ದಿದ್ರೆ ಅಮ್ಮನೋರಿಗೆ ಇಲ್ಲಿಂದ್ಲೇ ಕೈ ಮುಗೀತೀನಿ."

ಊರವರನ್ನೆಲ್ಲ ಊರೂರು ತಿರುಗಿಸುವ ಲಾರಿ, ಹೆತ್ತವಳನ್ನು ಮನೆಮುಂದೆ ಬಿಟ್ಟು ಹೋಗುವುದೆಂದರೆ! ಅಂದಿನಿಂದ ಶಾಂತರಾಜನಿಗೆ ಮೆಟ್ಟಿಲಿನದೇ ಧ್ಯಾನ. ಊಟಕ್ಕೆ ಕೂತರೆ ಅನ್ನದಲ್ಲಿ ಮೆಟ್ಟಿಲು ಕಟ್ಟುತ್ತಿದ್ದ. ಹೆಂಡತಿ ಪದ್ಮಲತಾ, "ಮೊದ್ಲು ಅದನ್ನ ಉಣ್ಣಿ, ಆಮೇಲೆ ಹತ್ತುವಿರಂತೆ" ಎಂದು ಗದರುತ್ತಿದ್ದಳು.

ಕುಲುಮೆಯ ಭೂತಪ್ಪ ಕಬ್ಬಿಣದ ತಗಡು ತೋರಿಸಿದ. ಬಿಸಿಲಿಗೆ ಕಾಯುತ್ತದೆ, ಅಮ್ಮನ ಬರಿಗಾಲು ಸುಡುತ್ತದೆ ಎಂದು ಶಾಂತರಾಜ ಬೇಡವೆಂದ. ಮಾವಿನ ಹಲಗೆ ಒಂದೇ ಮಳೆಗಾಲಕ್ಕೆ ಲಡ್ಡಾಗುತ್ತದೆ ಎಂದು ಅದೂ ಬೇಡವಾಯಿತು. ಇನ್ನು ಎತ್ತರ ಎಷ್ಟಿರಬೇಕು? ಅದು ಒಂದು ಬೆಳಿಗ್ಗೆ ತಾನಾಗಿ ತಿಳಿಯಿತು. ಅಮ್ಮ ಚೌಕಟ್ಟು ಹಿಡಿದು, ಮೆಲ್ಲಗೆ ಬಲಗಾಲೆತ್ತಿ, ಅಡುಗೆಮನೆಯ ಹೊಸ್ತಿಲು ದಾಟಿದಳು. ಹೊಸ್ತಿಲಿನ ಎತ್ತರಕ್ಕೆ ಅವಳ ಕಾಲು ಇನ್ನೂ ಏಳುತ್ತದೆ! ಶಾಂತರಾಜ ಓಡಿಹೋಗಿ ಅದಕ್ಕೆ ಗೇಣು ಹಾಕಿ ಅಳೆದ. ಅದೇ ಎತ್ತರಕ್ಕೊಂದರಂತೆ, ಒಂದರ ಮೇಲೊಂದು ಎರಡು ಮೆಟ್ಟಿಲು. ಹಿಡಿದುಕೊಳ್ಳಲು ಪಕ್ಕಕ್ಕೊಂದು ಕಂಬಿ.

ಹಲಗೆಗಾಗಿ ಅವನು ನಿಟ್ಟೂರಿಗೆ ಹೋದ. ಬಿಚ್ಚಿದ ಮನೆಯ ಮರವೆಲ್ಲ ಅಲ್ಲಿ ರಾಶಿ ಬಿದ್ದಿತ್ತು. ಕೊಡಚಾದ್ರಿಯ ಕಡೆಯಿಂದ ಮಂಜು ಇಳಿದು ಬಂದು, ಗೋಡೆಯಿಲ್ಲದ ಆ ಜಾಗದಲ್ಲಿ ಕೋಣೆಯಿಂದ ಕೋಣೆಗೆ ಓಡಾಡುವ ಹಾಗೆ ಸುಳಿಯುತ್ತಿತ್ತು. ಚಿಕ್ಕಂದಿನಲ್ಲಿ ಇಲ್ಲೇ ಅಜ್ಜಿಯ ಮಡಿಲಲ್ಲಿ ಮಲಗಿದ್ದೆ, ಇಲ್ಲೇ ಉಂಡಿದ್ದೆ ಎಂದು ಶಾಂತರಾಜ ಮಂಜಿನ ಜೊತೆ ತಾನೂ ಓಡಾಡಿದ. ಕೊನೆಗೆ ಧೂಳು ತುಂಬಿದ ದಪ್ಪ ಹಲಗೆಯೊಂದು ಕಾಲಿಗೆ ತಾಗಿತು. ಉಜ್ಜಿದರೆ ಒಳಗೆ ಹಲಸಿನ ಮರದ ಅರಿಸಿನ ಬಣ್ಣ, ನಡುವೆ ಕೆತ್ತಿದ ಒಂದು ಹೂವು. ಆಹಾ, ಅಮ್ಮನ ತವರಿನ ಮರ! ಹೂವಿನ ಕೆತ್ತನೆ ಇದ್ದರೆ ಕಾಲೂ ಜಾರುವುದಿಲ್ಲ! ಪದ್ಮಣ್ಣ "ಬೇಕಾದ್ದು ತಗೊಂಡೋಗೋ" ಎಂದ. ಅದು ಯಾವ ಹಲಗೆ ಎಂದು ಅವನೂ ನೋಡಲಿಲ್ಲ, ಇವನೂ ಕೇಳಲಿಲ್ಲ.

ಭೂತಪ್ಪ ಕಬ್ಬಿಣದ ಪಟ್ಟಿ ಕಾಯಿಸಿ, ಬಗ್ಗಿಸಿ, ಲಾರಿಯ ಅಡಿಯ ಚಾಸಿಗೆ ಬೋಲ್ಟು ಹಾಕಿ ಬಿಗಿದ. ಕೆಳಗಿನ ಮೆಟ್ಟಿಲಿಗೆ ಮತ್ತಿ ಮರದ ಹಲಗೆ, ಮೇಲಿನದಕ್ಕೆ ನಿಟ್ಟೂರಿನ ಹಲಸು. ತಾನೇ ಮೇಲೆ ನಿಂತು ಕುಣಿದು ನೋಡಿದ. "ಆನೆ ಹತ್ತಿದ್ರೂ ಅಲ್ಲಾಡಲ್ಲ ಒಡೆಯಾ" ಎಂದ.

ಮರುದಿನ ಅಮ್ಮ ಹೊಸ ಸೀರೆ ಉಟ್ಟು, ಹೂಕಾಯಿಯ ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು ಲಾರಿಯ ಹತ್ತಿರ ಬಂದಳು. ಕಂಬಿ ಹಿಡಿದಳು. ಕೆಳಗಿನ ಮೆಟ್ಟಿಲಿನ ಮೇಲೆ ಬಲಗಾಲಿಟ್ಟು ಹತ್ತಿಯೇಬಿಟ್ಟಳು. ಎರಡನೆಯದಕ್ಕೆ ಕಾಲು ಎತ್ತಿದವಳು ತಟ್ಟನೆ ನಿಂತಳು. ಹೂವನ್ನು ನೋಡಿದಳು. ಹಲಗೆಯ ಅಂಚಿನಲ್ಲಿ ಕದದ ಬುಡ ತಿರುಗುತ್ತಿದ್ದ ಕುಳಿಯನ್ನು ನೋಡಿದಳು. ಎತ್ತಿದ ಕಾಲನ್ನು ಕೆಂಡ ಕಂಡವಳಂತೆ ಹಿಂದಕ್ಕೆ ತೆಗೆದುಕೊಂಡಳು.

"ಎಂತ ಮಾಡಿದ್ಯೋ ಪಾಪಿ! ಇದು ನಮ್ಮನೆ ಹೊಸ್ತಿಲಲ್ವನಾ?"

ಶಾಂತರಾಜ ಬಗ್ಗಿ ಹಲಗೆಯ ಕುಳಿಗೆ ಬೆರಳಿಟ್ಟು ನೋಡಿದ.

"ಶುಕ್ರವಾರ ಶುಕ್ರವಾರ ನಾನೇ ಅರಿಸಿನ ಬಳಿದು ಹೂವಿಟ್ಟದ್ದು. ಚಿಕ್ಕೋಳಿದ್ದಾಗ ಒಂದ್ಸಲ ತುಳಿದೆ ಅಂತ ಅಪ್ಪಯ್ಯ ಕೆನ್ನೆಗೆ ಹೊಡೆದಿದ್ರು. ಮದುವೆಯಾಗಿ ಹೊರಡೋವಾಗ ಇದಕ್ಕೇ ನಮಸ್ಕಾರ ಮಾಡಿ ದಾಟಿ ಬಂದೆ. ಈಗ ಇದರ ಮೇಲೆ ಕಾಲಿಡು ಅಂತೀಯಾ? ನಾಳೆ ಸಂತೆ ಜನ ಎಲ್ಲ ತುಳೀಲಿ ಅಂತೀಯಾ?"

ಸೊಸೆಯ ಹೆಗಲು ಹಿಡಿದು ಇಳಿದು ಒಳಗೆ ಹೋದಳು. ಅಂದು ಅವಳು ಊಟ ಮುಟ್ಟಲಿಲ್ಲ. ಪದ್ಮಲತಾ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಹಲಗೆ ನೋಡಿದಿರಿ, ಹೂವು ನೋಡಿದಿರಿ, ಹೊಸ್ತಿಲು ಮಾತ್ರ ಕಾಣ್ಲಿಲ್ಲ" ಎಂದಳು. ಶಾಂತರಾಜ ಲಾರಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಅಮ್ಮನಿಗೆ ಸಂತೋಷ ಕೊಡಲು ಹೋಗಿ ಅವಳ ತವರನ್ನೇ ಕಾಲ ಕೆಳಗೆ ಹಾಕಿದೆನಲ್ಲ ಎಂದು ನಾಚಿಕೆಯಾಯಿತು, ಅಳುವೂ ಬಂತು. ಕೂತಲ್ಲಿಂದ ಹೊಸ್ತಿಲನ್ನು ನೋಡಿದ. ಅದರ ಮೇಲಕ್ಕೆ, ತೊಟ್ಟಿಯ ಹಲಗೆ ಕತ್ತರಿಸಿ ಮಾಡಿದ ಆ ದಾರಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದವನು ನೆಟ್ಟಗೆ ಕುಲುಮೆಗೆ ಓಡಿದ.

"ಹುಚ್ಚು ಹಿಡೀತಾ ಒಡೆಯಾ, ನಿನ್ನೆ ಹಾಕಿದ್ದನ್ನ ಇವತ್ತು ಬಿಚ್ಚೋದಾ?" ಎಂದು ಭೂತಪ್ಪ ಗೊಣಗುತ್ತಲೇ ಬಿಚ್ಚಿದ. ಮೇಲಿನ ಮೆಟ್ಟಿಲಿಗೂ ಮತ್ತಿಯ ಹಲಗೆಯೇ ಬಂತು. ಹೊಸ್ತಿಲನ್ನು ಶಾಂತರಾಜ ತಾನೇ ತೊಳೆದು, ತಲೆಯ ಮೇಲೆ ಹೊತ್ತು ತಂದು ಭೂತಪ್ಪನ ಕೈಗೆ ಕೊಟ್ಟ.

ಶುಕ್ರವಾರ ಬೆಳಿಗ್ಗೆ ಅಮ್ಮನನ್ನು ಮತ್ತೆ ಕರೆದ. ಬರುವುದಿಲ್ಲ ಎಂದಳು. "ಹತ್ತಬೇಡ, ನೋಡು ಸಾಕು" ಎಂದು ಕೈಹಿಡಿದು ಕರೆತಂದ. ಮೆಟ್ಟಿಲುಗಳ ಮೇಲೆ, ತೊಟ್ಟಿಯ ಬಾಯಿಯಲ್ಲಿ, ಬಾಗಿಲಿಗೆ ಹೇಗೋ ಹಾಗೆ ಹೊಸ್ತಿಲು ಕೂತಿತ್ತು. ಪದ್ಮಲತಾ ಅರಿಸಿನ ಬಳಿದು, ಕುಂಕುಮವಿಟ್ಟು, ಎರಡು ದಾಸವಾಳ ಇಟ್ಟಿದ್ದಳು.

ನೆಲದ ಮೇಲೆ ನಿಂತಿದ್ದ ಜಿನಮತಿಯಮ್ಮನಿಗೆ ಹೊಸ್ತಿಲು ಕೈಗೆ ನಿಲುಕುವಷ್ಟೇ ಎತ್ತರದಲ್ಲಿತ್ತು, ಬಗ್ಗುವ ಕಷ್ಟವೇ ಇರಲಿಲ್ಲ. ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಂಬಿ ಹಿಡಿದು ಒಂದನೆಯ ಮೆಟ್ಟಿಲು ಹತ್ತಿದಳು, ಎರಡನೆಯದನ್ನು ಹತ್ತಿದಳು. ಬಲಗಾಲೆತ್ತಿ, ಸೆರಗು ಸರಿಮಾಡಿಕೊಂಡು, ಹೊಸ್ತಿಲು ತುಳಿಯದೆ ದಾಟಿ ಒಳಗೆ ಹೋದಳು. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ಸುತ್ತ ಒಮ್ಮೆ ನೋಡಿದಳು.

ಶಾಂತರಾಜ ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಿದ. ಎಮ್ಮೆ ಕೆಮ್ಮಿ, ನಡುಗಿ, ಹೊರಡಲು ಸಿದ್ಧವಾಯಿತು.

"ಹುಂಚಕ್ಕೆ ಹೊರಡೋಣ್ವಾ ಅಮ್ಮಾ?"

"ಅದನ್ನ ಆರ್ಸು" ಎಂದಳು ಅಮ್ಮ. ಧ್ವನಿ ಎಳೆಯದಾಗಿತ್ತು. "ಈಗ ತಾನೆ ಮನೆಗೆ ಬಂದಿದೀನಿ. ಒಂಚೂರು ಕೂತಿರ್ತೀನಿ."

ಶಾಂತರಾಜ ಇಂಜಿನ್ ಆರಿಸಿ, ನೆಲದ ಮೇಲೆ ನಿಂತು ಕಾದ.