ಟಯರು ತಡೆಯುವಷ್ಟು, ಅಮ್ಮ ತಡೆಯುವಷ್ಟು

ಯಾರು ಕಾರು ತಂದರೂ ಮೆಕ್ಯಾನಿಕ್ ಮೋನಾಕ ಮೊದಲು ಬಾನೆಟ್ ತೆರೆಯುತ್ತಿರಲಿಲ್ಲ. ಮುಕ್ಕಾಲು ನೀರು ತುಂಬಿದ ಸ್ಟೀಲ್ ಲೋಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. "ನೀವು ಗಾಡಿ ಬಿಡಿ. ನಾನು ಕೇಳ್ತೇನೆ." ಕಾಪುವಿನ ಲೈಟ್‌ಹೌಸ್ ರಸ್ತೆಯಲ್ಲಿ ಒಂದು ಸುತ್ತು ಮುಗಿಯುವಷ್ಟರಲ್ಲಿ ನೀರು ಎಷ್ಟು ಸಲ ಚೆಲ್ಲಿತು, ಯಾವ ಕಡೆಗೆ ಚೆಲ್ಲಿತು ಎಂಬುದರಲ್ಲೇ ಅವರಿಗೆ ಅರ್ಧ ರೋಗ ತಿಳಿಯುತ್ತಿತ್ತು. ಹಾಗಾಗಿ ಗ್ಯಾರೇಜಿನ ತಂತಿಯಲ್ಲಿ ಯಾವಾಗಲೂ ಒಂದು ಲುಂಗಿ ಒಣಗುತ್ತಿತ್ತು.

ನಾನು ಅವರ ಬಳಿಗೆ ಹೋದದ್ದು ಸೋತು. ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಆಸೆಪಟ್ಟು ಒಂದು ಸೆಕೆಂಡ್ ಹ್ಯಾಂಡ್ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದೆ. ತಗ್ಗಿದ ಮೈ, ಅಗಲ ಟಯರು, ಗಟ್ಟಿ ಸ್ಪ್ರಿಂಗು. ತಿರುವಿನಲ್ಲಿ ಅದು ಹೋಗುವ ಚಂದವೇ ಬೇರೆ. ಆದರೆ ರಸ್ತೆಯ ಒಂದೊಂದು ಜಲ್ಲಿಕಲ್ಲೂ ಬೆನ್ನುಮೂಳೆಗೆ ತಿಳಿಯುತ್ತಿತ್ತು. ಭಾನುವಾರಗಳಲ್ಲಿ ಅಮ್ಮನನ್ನು ಕಾಪುವಿನಿಂದ ಕಾರ್ಕಳದ ಅಜ್ಜಿಮನೆಗೆ ಕರೆದೊಯ್ಯುತ್ತಿದ್ದೆ. ಲೆಕ್ಕ ಇಡುವುದು ನನ್ನ ಅಭ್ಯಾಸ. ದಿನಚರಿಯಲ್ಲಿ ಪ್ರತಿ ಪ್ರಯಾಣದ ಹಂಪು, ಹೊಂಡ, ಅಮ್ಮನ "ಅಯ್ಯೋ" ಎಲ್ಲವೂ ದಾಖಲಾಗುತ್ತಿದ್ದವು. ಒಂದು ಭಾನುವಾರ ಹತ್ತೊಂಬತ್ತನೆಯ "ಅಯ್ಯೋ"ಗೆ ಅಮ್ಮ ಅರ್ಧದಾರಿಯ ಶಿರ್ವದಲ್ಲೇ ಇಳಿದುಬಿಟ್ಟರು. "ನಾನು ಬಸ್ಸಲ್ಲಿ ಬರ್ತೇನೆ. ನೀನೂ ನಿನ್ನ ಕಾರೂ ಹೋಗಿ ಮಾರಾಯ್ತಿ."

ಬೆನ್ನುನೋವಿನ ಅಮ್ಮ ಕೂರಲಾರದ ಕಾರನ್ನು ಇಟ್ಟುಕೊಂಡು ಏನು ಮಾಡಲಿ? ಹೆಜಮಾಡಿಯವರೊಬ್ಬರು ಸೋಮವಾರ ಬಂದು ಕೊಂಡೊಯ್ಯುವುದೆಂದು ಮಾತಾಯಿತು. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಕೊನೆಯ ಆಸೆಯಿಂದ ಮೋನಾಕರ ಗ್ಯಾರೇಜಿಗೆ ಹೋದೆ.

ಒಂದು ಸುತ್ತು ಮುಗಿದಾಗ ಲೋಟ ಖಾಲಿ. ಅವರು ಒದ್ದೆ ಲುಂಗಿ ಕೊಡವುತ್ತ, "ಎಂತ ಇದು, ಕಾರಾ ಒನಕೆಯಾ?" ಎಂದರು. ನಾನು ದಿನಚರಿ ತೆರೆದುಕೊಟ್ಟೆ. ಗ್ರೀಸು ತಾಗದ ಹಾಗೆ ಕಿರುಬೆರಳಿನಿಂದ ಪುಟ ತಿರುಗಿಸಿದರು.

"ಟೀಚರಾ ನೀವು?"

"ಅಲ್ಲ, ಆಫೀಸಿನಲ್ಲಿ ಕೆಲಸ."

"ಇರಲಿ ಟೀಚರೇ. ಇಲ್ಲಿ ವಾರ ವಾರ 'ಗಾಳಿ ೪೪' ಅಂತ ಉಂಟಲ್ಲ, ಯಾರು ಹೇಳಿದ್ದು?"

"ಟಯರಿನ ಮೇಲೆಯೇ ಬರೆದುಂಟಲ್ಲ ಮೋನಾಕ. ನಾನೇ ಓದಿ ಹಾಕಿಸಿದ್ದು."

ಅವರು ನಗುತ್ತ ಡ್ರೈವರ್ ಬದಿಯ ಬಾಗಿಲು ತೆರೆದು, ಚೌಕಟ್ಟಿನಲ್ಲಿ ಧೂಳು ಹಿಡಿದಿದ್ದ ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒರೆಸಿದರು. ಅಲ್ಲಿ ಕಾರಿನ ಕಂಪನಿ ಬರೆದಿದ್ದ ಗಾಳಿ ಮೂವತ್ತಮೂರು.

"ಟಯರಿನಲ್ಲಿರುವುದು ಟಯರು ತಡೆಯುವಷ್ಟು. ಇದು ಅಮ್ಮ ತಡೆಯುವಷ್ಟು. ಇಷ್ಟು ಚಂದ ಬರೆಯುವವರು ಬಾಗಿಲನ್ನೂ ಒಮ್ಮೆ ಓದಬಾರದಾ?"

ನಾಲ್ಕೂ ಚಕ್ರದ ಗಾಳಿ ಇಳಿಸಿದ ಮೇಲೆ ಇನ್ನೊಂದು ಮಾತು ಹೇಳಿದರು. "ಹಾಸಿಗೆಯಂತೂ ಆಗುದಿಲ್ಲ, ಇದರ ಗುಣವೇ ಗಟ್ಟಿ. ಬ್ರೇಕ್ ಹೊಂಡಕ್ಕೆ ಮೊದಲೇ ಒತ್ತಿ. ಹೊಂಡ ಬಂದಾಗ ಕಾಲು ತೆಗೀರಿ."

ಮರುದಿನ "ಶಿರ್ವದವರೆಗೆ ಮಾತ್ರ" ಎಂದು ಅಮ್ಮನನ್ನು ಒಪ್ಪಿಸಿ ಕೂರಿಸಿದೆ. ಶಿರ್ವ ಕಳೆಯಿತು, ಅವರಿಗೆ ಗೊತ್ತೇ ಆಗಲಿಲ್ಲ. ಬೆಳ್ಮಣ್ಣು ದಾಟುವಾಗ, "ಈ ರೋಡು ಯಾವಾಗ ರಿಪೇರಿ ಆದದ್ದು?" ಎಂದು ಕೇಳಿದರು. ಕಾರ್ಕಳಕ್ಕೆ ತಲುಪುವಾಗ "ಅಯ್ಯೋ" ನಾಲ್ಕೇ. ಅಜ್ಜಿಮನೆಯ ಅಂಗಳದಿಂದಲೇ ಹೆಜಮಾಡಿಗೆ ಫೋನು ಮಾಡಿ, ಕಾರು ಮಾರುವುದಿಲ್ಲ ಎಂದೆ.

ಆಮೇಲೆ ಕೆಲವು ವರ್ಷ ಮೋನಾಕರ ಲುಂಗಿ ನನ್ನಿಂದಾಗಿ ಒದ್ದೆಯಾಗುವುದು ಕಡಿಮೆಯಾಯಿತು. ವಯಸ್ಸಾಯಿತೆಂದು ಅವರು ಗ್ಯಾರೇಜು ಮುಚ್ಚಿದರು. ಹರ್ನಿಯಾ ಆಪರೇಷನ್ ಆಗಿ, ಮಣಿಪಾಲದ ಆಸ್ಪತ್ರೆಯಿಂದ ಕಾರ್ಕಳದ ಮಗಳ ಮನೆಗೆ ಹೋಗುವ ದಿನ ನನಗೆ ಫೋನು ಮಾಡಿಸಿದರು: "ಟೀಚರ ಕಾರೇ ಬರಲಿ."

ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಕೂತರು. ಮೊದಲ ಹಂಪಿಗೆ ಮುಂಚೆಯೇ ಬ್ರೇಕ್ ಒತ್ತಿ ಕಾಲು ತೆಗೆದೆ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿದ್ದಾರೆ. ಪರೀಕ್ಷೆ ಮಾಡುತ್ತಿದ್ದಾರೆಂದು ಇನ್ನೂ ನಿಧಾನ ಮಾಡಿದೆ. ಐದನೆಯ ಹಂಪು ದಾಟುವಾಗ ಗೊರಕೆ ಕೇಳಿಸಿತು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಗ್ಯಾರೇಜಿನ ತಂತಿಯಲ್ಲಿ ಈಗ ಲುಂಗಿಯಿಲ್ಲ. ಆ ದಿನದ ಪುಟದಲ್ಲಿ ಹೀಗೆ ಬರೆದಿದ್ದೇನೆ: ಹಂಪು ಇಪ್ಪತ್ತಾರು. "ಅಯ್ಯೋ" ಸೊನ್ನೆ. ಗೊರಕೆ, ಕಾರ್ಕಳದವರೆಗೂ.