ಒಂದು ನಿಮಿಷದಲ್ಲಿ ಹಿಡಿಯದ ಮಾತು

ಪುಣೆಯ ಕೋಥರೂಡದ ನಮ್ಮ ಸೊಸೈಟಿಯಲ್ಲಿ ಎದುರು ಮನೆಗೆ ಬಾಗಲಕೋಟೆ ಕಡೆಯ ದಂಪತಿ ಬಾಡಿಗೆಗೆ ಬಂದರು. ಗಂಡ ಮಾರ್ಕೆಟ್ ಯಾರ್ಡಿನ ಅಂಗಡಿಯೊಂದರಲ್ಲಿ ಗುಮಾಸ್ತ. ಹೆಂಡತಿ ಮದುವೆಗೆ ಮುಂಚೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಅವರ ಮಾತಿನಲ್ಲಿ ಉಗ್ಗು ಇತ್ತು. ಕೆಲವು ಅಕ್ಷರ ಬಂದಾಗ ತುಟಿ ಕೂಡಿಕೊಂಡು, ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು. ಬಿಡಿಸಿಕೊಂಡ ಮೇಲೆ ನಗುತ್ತಾ ಮುಂದುವರಿಸುತ್ತಿದ್ದರು.

ನಾನು ಹಾಸನದವಳು. ಮನೆಯಲ್ಲೇ ಕೂತು ವೀಡಿಯೊ ಎಡಿಟಿಂಗ್, ಮೋಷನ್ ಗ್ರಾಫಿಕ್ಸ್ ಮಾಡುತ್ತೇನೆ. ಒಂದು ಮಧ್ಯಾಹ್ನ ಅವರು ಫೋನ್ ಹಿಡಿದುಕೊಂಡು ಬಂದರು.

“ಅಕ್ಕಾರ, ಕರ್ನಾಟಕದ ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಹೇಳೋ ಕೆಲಸ ಅದ. ಒಂದು ನಿಮಿಷದ ವೀಡಿಯೊ ಕಳಸ್ರಿ ಅಂದಾರ. ನಂದು ಭಾಳ ಉದ್ದ ಆಗ್ಯದ. ಸ್ವಲ್ಪ ಕ… ಕಮ್ಮಿ ಮಾಡಿ ಕೊಡ್ತೀರೇನ್ರಿ?”

“ಅದೇನು ದೊಡ್ಡ ಕೆಲಸ, ಕೊಡಿ,” ಅಂದೆ.

ನಮ್ಮ ಸಾಫ್ಟ್‌ವೇರಿನಲ್ಲಿ ಮೊದಲು ಒಂದು ಕಾಂಪೊಸಿಷನ್ ಮಾಡಿಕೊಳ್ಳಬೇಕು. ಚಿತ್ರ ಕೂರುವ ಚೌಕಟ್ಟು ಅದು. ಅಗಲ, ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮು, ಒಟ್ಟು ಎಷ್ಟು ಹೊತ್ತು, ಎಲ್ಲವನ್ನೂ ಮೊದಲೇ ತುಂಬಬೇಕು. ನಾನು ಒಂದು ನಿಮಿಷ ಎಂದು ತುಂಬಿದೆ. ಅವರ ಮಾತು ಅದರ ಎರಡರಷ್ಟಿತ್ತು. ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸುತ್ತಾ ಚೆನ್ನಾಗಿ ವಿವರಿಸಿದ್ದರು. ಎರಡು ಉದಾಹರಣೆಗಳಲ್ಲಿ ಒಂದನ್ನು ಬಿಟ್ಟಿದ್ದರೆ ಹೊತ್ತು ಸರಿಹೋಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಉಗ್ಗಿದ್ದ ಕಡೆಯೆಲ್ಲ ಕತ್ತರಿಸಿದೆ. ಕತ್ತರಿಸಿದಲ್ಲಿ ಮುಖ ಜಿಗಿದಂತೆ ಕಾಣುತ್ತದೆ. ಅದನ್ನು ಮುಚ್ಚಲು ಅಲ್ಲೆಲ್ಲ ಬಣ್ಣಬಣ್ಣದ ಅಂಕಿಗಳನ್ನು ಹಾರಿಸಿದೆ. ಅವರನ್ನು ಒಂದು ಮಾತು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಉಪಕಾರ ಮಾಡುತ್ತಿದ್ದೇನೆ ಎಂಬ ಖುಷಿಯಲ್ಲಿದ್ದೆ.

ವೀಡಿಯೊ ನೋಡಿ ಅವರು ಬಾಯಿಗೆ ಸೆರಗು ಹಿಡಿದರು. “ಇದು ನಾನೇ ಏನ್ರಿ?” ಅಂದರು. ಗಂಡನನ್ನು ಕರೆದು ತೋರಿಸಿದರು. ಮತ್ತೆ ಮತ್ತೆ ಹಾಕಿ ನೋಡಿ, ಅದನ್ನೇ ಕಳಿಸಿದರು.

ಮುಂದಿನ ವಾರ ವೀಡಿಯೊ ಕಾಲ್‌ನಲ್ಲಿ ಇಂಟರ್‌ವ್ಯೂ. ಮುಗಿದ ಮೇಲೆ ಬಂದು ನಮ್ಮ ಸೋಫಾದ ತುದಿಯಲ್ಲಿ ಕೂತರು.

“ಆ ವೀಡಿಯೊದಾಗ ಮಾತಾಡಿದಾಕಿ ನೀವೇ ಏನು ಅಂತ ಕೇಳಿದ್ರು, ಅಕ್ಕಾರ. ಹೌದು ಅನ್ನಲಿಕ್ಕೂ ಬಾಯಿ ಬರಲಿಲ್ಲ. ಕಾಲ್ ಕಟ್ ಮಾಡಿಬಿಟ್ಟೆ.”

ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

“ನೀವು ತಗದಿದ್ದೆಲ್ಲಾ ಹೋತೇನ್ರಿ?” ಎಂದು ಕೇಳಿದರು.

“ಇಲ್ಲ, ಎಲ್ಲಾ ಇಲ್ಲೇ ಇದೆ,” ಅಂದೆ. ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ಹೊಸ ಕಾಂಪೊಸಿಷನ್ ಮಾಡಿದೆ. ಈ ಸಲ ಅವರ ಮಾತು ಎಷ್ಟಿತ್ತೋ ಅಷ್ಟೇ ಉದ್ದ ತುಂಬಿದೆ. ಕತ್ತರಿಸಿದ ತುಣುಕುಗಳ ಅಂಚನ್ನು ಎಳೆದಂತೆಲ್ಲ ಅಡಗಿದ್ದ ಮಾತು ಹೊರಬಂತು. ಬೇರೆ ಕಡೆಗೆ ಇದನ್ನೇ ಕಳಿಸಬಹುದು ಎಂದು ನನ್ನ ಆಸೆ. ಅವರು ಅರ್ಧ ಕೇಳಿ ಕೈ ಅಡ್ಡ ಹಿಡಿದರು.

“ಬ್ಯಾಡ್ರಿ, ಬಂದ್ ಮಾಡ್ರಿ. ನೀವು ಮೊದಲ ಮಾಡಿದ್ದೇ ಛಲೋ ಇತ್ತು.”

ಆಮೇಲೆ ಅವರು ಬೇರೆಲ್ಲೂ ಅರ್ಜಿ ಹಾಕಲಿಲ್ಲ. ನನಗೆ ಫೋನ್ ಮಾಡುವುದನ್ನೂ ಬಿಟ್ಟರು. ಎದುರು ಬಾಗಿಲಿನಿಂದ ಮೆಸೇಜ್ ಬರತೊಡಗಿತು. ಒಂದು ಬೆಳಿಗ್ಗೆ ‘ಕರಿಬೇವು ಅದ ಏನ್ರಿ’ ಎಂದು ಬಂತು. ಉತ್ತರ ಬರೆಯದೆ ಒಂದು ಹಿಡಿ ಕರಿಬೇವು ಹಿಡಿದು ಹೋಗಿ ಬೆಲ್ ಒತ್ತಿದೆ. ಅವರು ತೆಗೆದುಕೊಂಡು ತಲೆಯಾಡಿಸಿದರು.

“ಏನು ಅಡುಗೆ?” ಎಂದು ಕೇಳಿ ನಿಂತೆ.

“ಮ… ಮ… ಮಡಕಿಕಾಳ ಪಲ್ಯ.” ತಕ್ಷಣ, “ಸಾರಿ ರೀ,” ಅಂದರು.

“ನೀವ್ಯಾಕೆ ಸಾರಿ ಹೇಳ್ತೀರ? ನಿಮ್ಮನ್ನ ಕೇಳದೆ ಅದನ್ನೆಲ್ಲ ತೆಗೆದಿದ್ದು ನಾನು. ತೆಗೀಬಾರದಿತ್ತು.”

ಅವರು ಕರಿಬೇವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಬಾಗಿಲು ಪೂರ್ತಿ ತೆರೆದು, “ಒಳಗ ಬರ್ರಿ, ಚಹಾ ಇಡ್ತೀನಿ,” ಅಂದರು.